ಒಣಗದ ಬೆಂಚು

"ಕೇಳಿಲ್ಲಿ ಚೌಡವ್ವ! ಇವತ್ತಿನಿಂದ ನಾ ಬಡಿಗ್ಯಾ. ಮನ್ಯಾಗ ವರ್ಕ್‌ಶಾಪ್ ತಗೀತೀನಿ. ಮಷಿನ್ ತರ್ತೀನಿ, ಪಾಲಿಶ್ ತರ್ತೀನಿ. ನೀ ಬಂದ ನೋಡಿದ್ರ ನಿನಗ ಮನಿ ಗುರ್ತ ಸಿಗಬಾರ್ದು, ಹಂಗ ಮಾಡ್ತೀನಿ!"

ಬೆಟಗೇರಿಯ ನೇಕಾರ ನಾರಾಯಣಪ್ಪ ಫೋನಿನಲ್ಲಿ ಹೀಗೆ ಗರ್ಜಿಸಿದಾಗ, ಶಿರಹಟ್ಟಿಯಲ್ಲಿದ್ದ ಹೆಂಡತಿ ಕೇಳಿದ್ದು ಒಂದೇ ಮಾತು.

"ಉಂಡ್ರೇನು?"

"ಉಂಡೆ."

"ಏನ ಉಂಡ್ರಿ?"

ಅಲ್ಲಿಗೆ ಗರ್ಜನೆ ಮುಗಿಯಿತು. ಉಂಡದ್ದು ನಿನ್ನೆಯ ರೊಟ್ಟಿ, ಅದಕ್ಕೆ ಮೊನ್ನೆಯ ಪಲ್ಯ. ಇದನ್ನು ಯಾವ ಗಂಡಸು ಗರ್ಜಿಸಿ ಹೇಳಿಯಾನು?

ಚೌಡವ್ವ ಶಿರಹಟ್ಟಿಗೆ ಹೋಗಿ ಎಂಟು ತಿಂಗಳಾಗಿತ್ತು. ಮಗಳು ಮೇಘಾಳ ಅತ್ತೆಗೆ ಮೈಯಲ್ಲಿ ಹುಷಾರಿರಲಿಲ್ಲವೆಂದು ಎರಡನೆಯ ಬಾಣಂತನಕ್ಕೆ ಇವಳೇ ಚೀಲ ಹಿಡಿದು ಹೊರಟಿದ್ದಳು. "ಮೂರು ತಿಂಗಳಿಗೆ ಬಂದೆ" ಅಂದಿದ್ದಳು. ಮೂರು ತಿಂಗಳು ಮುಗಿಯುವಷ್ಟರಲ್ಲಿ ಶಿಕ್ಷಕಿಯಾದ ಮೇಘಾಳ ರಜೆಯೂ ಮುಗಿಯಿತು. ಕೂಸನ್ನು ನೋಡಿಕೊಳ್ಳಲು ಇನ್ನೊಂದು ತಿಂಗಳು ಎಂದಾಯಿತು. ಆ ಇನ್ನೊಂದು ತಿಂಗಳು ಐದು ಸಲ ಬಂದು ಹೋಯಿತು!

"ಬಾ" ಎಂದು ಕರೆದರೆ ಮುಗಿಯಿತಲ್ಲ, ಎನ್ನುತ್ತೀರಿ. ಅಲ್ಲೇ ಇರುವುದು ತೊಡಕು. ನಾರಾಯಣಪ್ಪ ಕಟ್ಟೆಯ ಮೇಲೆ ಕೂತರೆ ಸರಕಾರಗಳನ್ನೇ ಇಳಿಸಿ ಏರಿಸುವ ಮನುಷ್ಯ; ಆದರೆ ಹೆಂಡತಿಯ ಜೊತೆ ಮಾತಾಡಿ ರೂಢಿಯಿಲ್ಲ. ನಲವತ್ತು ವರ್ಷ ಅವನು ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದ. ಪಕ್ಕದಲ್ಲಿ ಅವಳು ರಾಟಿ ತಿರುಗಿಸುತ್ತ ನೂಲು ಸುತ್ತಿಕೊಟ್ಟಳು. ಮಾತೆಲ್ಲ ಅವಳದು. ಅವಳು ಏನಂದರೂ ಮಗ್ಗವೇ ಖಟಕ್ ಖಟಕ್ ಎಂದು ಹೂಂಗುಟ್ಟುತ್ತಿತ್ತು. ಗಂಡನಾದವನು ಬೇರೆ ಉತ್ತರ ಕೊಡುವ ಪ್ರಸಂಗವೇ ಬರಲಿಲ್ಲ. ನೂಲು ಕೊಡುವ ಸಾಹುಕಾರರು ಕೈಬಿಟ್ಟ ಮೇಲೆ ಮಗ್ಗ ಬಿಚ್ಚಿ ಅಟ್ಟ ಸೇರಿತು, ಗುಂಡಿ ಮಾತ್ರ ಉಳಿಯಿತು. ಈಗ ಹೆಂಡತಿಯೂ ಇಲ್ಲ. ಮನೆ ಎಷ್ಟು ಸುಮ್ಮನಾಗಿತ್ತೆಂದರೆ, ಪಾತ್ರೆ ತೊಳೆಯುವಾಗ ನಾರಾಯಣಪ್ಪ ಬೇಕೆಂದೇ ಒಂದೆರಡನ್ನು ಕೆಳಗೆ ಬೀಳಿಸುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಉಪಾಯ ಹೊಳೆಯಿತು. ಅಟ್ಟದ ಮೇಲಿನ ಮಗ್ಗದ ಕಟ್ಟಿಗೆಯಿಂದ ಇಬ್ಬರು ಕೂಡುವ ಒಂದು ಬೆಂಚು ಮಾಡುವುದು. "ಬಾ" ಎನ್ನಲು ನಾಲಿಗೆ ಏಳದಿದ್ದರೇನಾಯಿತು, "ಬೆಂಚು ನೋಡಾಕ ಬಾ" ಎನ್ನಲು ಏನು ಧಾಡಿ?

ಮರುದಿನವೇ ಗದಗಿನ ಮಷಿನ್ ಅಂಗಡಿಗೆ ಸವಾರಿ ಹೊರಟಿತು. ಮಾಲೀಕ ಆನಂದ ಕುರ್ಚಿ ಹಾಕಿ ಕೂರಿಸಿದ.

"ಕಾಕಾ, ವರ್ಕ್‌ಶಾಪ್ ಎಷ್ಟ ದೊಡ್ಡದೈತ್ರಿ?"

"ಮೂರು ಫೂಟ ಉದ್ದ, ಎರಡು ಫೂಟ ಅಗಲ."

"ಅಷ್ಟರಾಗ ಏನ ಮಾಡಾಕ ಬರ್ತೈತ್ರಿ?"

"ಆಳ ಐತಲ್ಲೋ ತಮ್ಮಾ!"

ಆನಂದ ಒಳ್ಳೆಯ ಮನುಷ್ಯ. ಒಂದು ಕೈಗರಗಸ, ನಾಲ್ಕು ಉಳಿ, ಒಂದು ಸಣ್ಣ ಡ್ರಿಲ್ ಸಾಕೆಂದ. ನಾರಾಯಣಪ್ಪ ಒಪ್ಪಲಿಲ್ಲ, ಟೇಬಲ್ ಗರಗಸಗಳ ಸಾಲಿಗೆ ಕೈ ತೋರಿಸಿದ.

"ಇದನ್ನ ಒಯ್ರಿ ಕಾಕಾ. ಹೊಸಾ ಮಾಲು. ಅಗದಿ ಸಪ್ಪಳಿಲ್ಲ."

"ಹಂಗಾರ ಬ್ಯಾಡ."

"ಅಂದ್ರ?"

"ಸಪ್ಪಳ ಭಾಳ ಮಾಡೋದು ಯಾವ್ದೈತಿ?"

ಅಂಗಡಿ ತೆರೆದ ದಿನದಿಂದ ಆನಂದ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಒಂದೊಂದೇ ಮಷಿನ್ ಹಚ್ಚಿ ತೋರಿಸಿದ. ನಾರಾಯಣಪ್ಪ ಕಣ್ಣು ಮುಚ್ಚಿ, ಸಂಗೀತ ಪರೀಕ್ಷೆಯ ಪಂಡಿತರ ಠೀವಿಯಲ್ಲಿ ಒಂದೊಂದನ್ನೂ ಕೇಳಿ, ಅಂಗಡಿಯ ಗಾಜು ನಡುಗಿಸಿದ ಒಂದು ಹಳೆಯ ಮಷಿನನ್ನು ಆರಿಸಿದ. "ಇದರ ಕಾಲು ಕೊಯ್ದು ಕೊಡು" ಅಂದ.

"ಕಾಕಾ, ಇದು ನಿಂತ ಮಾಡೋ ಕೆಲಸರಿ!"

"ಬರೋಬ್ಬರಿ ಕೆಲಸ ಯಾವನರೆ ನಿಂತು ಮಾಡ್ತಾನೇನು?"

ಕೊನೆಗೆ ಪಾಲಿಶಿನ ಮಾತು ಬಂತು. ಫ್ರೆಂಚ್ ಪಾಲಿಶ್, ಮೆಲಮೈನ್, ಇನ್ನೂ ಏನೇನೋ ಡಬ್ಬಿಗಳನ್ನು ದಾಟಿ ವಾರ್ನಿಶ್ ಬಳಿ ನಿಂತಿತು. "ತೆಳ್ಳಗ ಒಂದ ಕೈ ಹಚ್ರಿ, ಒಂದ ದಿನ ಬಿಡ್ರಿ. ಆಮ್ಯಾಲ ಎರಡನೇ ಕೈ. ಅದರಾಗ ಏನೂ ಬೆರಸಬ್ಯಾಡ್ರಿ" ಎಂದು ಆನಂದ ಹೇಳಿದ್ದನ್ನು ಇಲ್ಲಿ ಸ್ಪಷ್ಟವಾಗಿ ನಮೂದಿಸುತ್ತೇನೆ, ಮುಂದೆ ಅವನ ಮೇಲೆ ಆಪಾದನೆ ಬರಬಾರದು.

"ನನಗ ಹೇಳ್ತಿ? ನಲವತ್ತು ವರ್ಷ ನೂಲಿಗೆ ಗಂಜಿ ಹಚ್ಚಿದ ಕೈ ಇದು!" ಎಂದು ಹೇಳಿ ನಾರಾಯಣಪ್ಪ ಆಟೋ ಹತ್ತಿದ.

ವರ್ಕ್‌ಶಾಪ್ ಉದ್ಘಾಟನೆ ಮಾರನೆಯ ದಿನ ನಡೆಯಿತು. ಕಾಲು ಕಳೆದುಕೊಂಡ ಮಷಿನನ್ನು ಗುಂಡಿಯ ಅಂಚಿಗೆ ಇಟ್ಟು, ಗುಂಡಿಗೆ ಕಾಲು ಇಳಿಬಿಟ್ಟು, ದೇವರ ಹೆಸರು ಹೇಳಿ ಬಟನ್ ಒತ್ತಿದ. ಕಟ್ಟಿಗೆಯ ಹೊಟ್ಟೆಲ್ಲ ಗುಂಡಿಗೆ ಇಳಿದು, ಅಲ್ಲಿಂದ ಧೋತರದೊಳಗೆ ಹೊಕ್ಕು, ಅಂಗಿಯ ಕೊರಳಲ್ಲಿ ಹೊರಬಂತು! ಪಕ್ಕದ ಮನೆಯ ಶಮಶಾದಬಿ ಓಡಿಬಂದಳು.

"ಅಣ್ಣಾ, ಗ್ವಾಡಿ ಬಿತ್ತೇನ್ರಿ?"

"ಬೆಂಚ ಮಾಡಾಕತ್ತೀನವಾ!" ಎಂದು ಹೊಟ್ಟಿನ ಮೋಡದೊಳಗಿಂದ ಉತ್ತರ ಬಂತು.

ಆ ಸಪ್ಪಳ ನಾರಾಯಣಪ್ಪನಿಗೆ ಎಷ್ಟು ಹಿಡಿಸಿತೆಂದರೆ, ಹೆಂಡತಿಗೆ ಫೋನ್ ಮಾಡುವಾಗಲೂ ಮಷಿನ್ ಚಾಲೂ ಇಡತೊಡಗಿದ. ಮಾತು ತಪ್ಪಿದಲ್ಲಿ ಮಷಿನ್ ಕೈಹಿಡಿಯುತ್ತಿತ್ತು. ಆದರೆ ಫಲ ಉಲ್ಟಾ ಆಯಿತು. ನಾಲ್ಕನೆಯ ದಿನ ಚೌಡವ್ವ ಆ ಗದ್ದಲದ ನಡುವೆ ಕೂಗಿ ಹೇಳಿದಳು: "ನಿಮಗ ಕೆಲಸ ಜೋರ ಹತ್ತೈತಿ ಬಿಡ್ರಿ! ನಾ ಇನ್ನೊಂದ ತಿಂಗಳ ಇಲ್ಲೇ ಇರ್ತೀನಿ!"

ನಾರಾಯಣಪ್ಪ ಫೋನ್ ಇಟ್ಟ. ಮಷಿನ್ ಆರಿಸಿದ. ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ಹಾಗೇ ಕೂತ. ಬಲಕ್ಕೆ, ಅವಳು ರಾಟಿ ಇಟ್ಟುಕೊಳ್ಳುತ್ತಿದ್ದ ಜಾಗದ ನೆಲ ಇನ್ನೂ ಸವೆದೇ ಇತ್ತು. ನಿಜ ಹೇಳಬೇಕೆಂದರೆ ಅವತ್ತು ಅವನಿಗೆ ಅಳು ಬಂದಿತ್ತು, ಕಣ್ಣಿಗೆ ಹೊಟ್ಟು ಬಿತ್ತೆಂದು ತನಗೆ ತಾನೇ ಸುಳ್ಳು ಹೇಳಿಕೊಂಡ.

ಆದರೂ ಬೆಂಚು ಮುಗಿಯಿತು. ಗುಂಡಿಯಲ್ಲಿ ಕೂತವನ ಕಣ್ಣಳತೆಗೆ ಅದು ಸಿಂಹಾಸನದ ಎತ್ತರ ಕಂಡಿತ್ತು. ಮೇಲೆದ್ದು ನೋಡಿದರೆ ಒಂದು ಗೇಣು, ಮೇಲೆ ನಾಲ್ಕು ಬೆರಳು!

"ಅಣ್ಣಾ, ಕುಂಡ್ರೂ ಮಣಿ ಚಂದ ಆಗೇತ್ರಿ" ಅಂದಳು ಶಮಶಾದಬಿ.

"ಮಣಿ ಅಲ್ಲವಾ. ಬೆಂಚು."

"ಹೌದೇನ್ರಿ? ಇನ್ನೂ ಬೆಳಿಯೋದೈತೇನು?"

ಎತ್ತರದಲ್ಲಿ ಹೋದ ಮಾನವನ್ನು ಹೊಳಪಿನಲ್ಲಿ ಗಳಿಸುವುದೆಂದು ನಾರಾಯಣಪ್ಪ ವಾರ್ನಿಶ್ ಡಬ್ಬಿ ತೆರೆದ. ಅಲ್ಲಿ ನೇಕಾರ ಎಚ್ಚರಾದ. ಇಷ್ಟು ನೀರಾದದ್ದು ಯಾವ ಸೀಮೆಯ ಗಂಜಿ? ಜೋಳದ ಹಿಟ್ಟು ಕುದಿಸಿ ಒಳ್ಳೆಯ ಗಟ್ಟಿ ಗಂಜಿ ಮಾಡಿ ಬೆರೆಸಿದ. ಗಂಜಿ ಹಚ್ಚಿದ ನೂಲು ಬಿರುಸಾಗಿ ತುಂಡಾಗಬಾರದೆಂದು ಅದಕ್ಕೆ ಎಣ್ಣೆ ಬಿಡುವುದು ರೂಢಿ. ಕಟ್ಟಿಗೆ ಮಾತ್ರ ಏನು ಪಾಪ ಮಾಡಿದೆ? ಒಂದು ಸೌಟು ಕುಸುಬಿ ಎಣ್ಣೆಯನ್ನೂ ಸುರಿದ. ಮೂರು ಕೈ, ದಪ್ಪಗೆ ಹಚ್ಚಿ, ಒಣಗಲೆಂದು ಹಿತ್ತಲಲ್ಲಿ ಇಟ್ಟ.

ಮೊದಲ ದಿನ ಒಣಗಲಿಲ್ಲ. ನಾಲ್ಕನೆಯ ದಿನವೂ ಒಣಗಲಿಲ್ಲ. ಇರುವೆಗಳು ಸಾಲಾಗಿ ಬಂದು ಅಲ್ಲೇ ಕಾಯಂ ಆದವು. ಕೋಳಿಯೊಂದು ಹತ್ತಿ ಅರ್ಧ ಪುಕ್ಕ ಬಿಟ್ಟು ಹೋಯಿತು. ಶಮಶಾದಬಿಯ ಹೋತ ನೆಕ್ಕಲು ಹೋಗಿ ಗಡ್ಡ ಕಳೆದುಕೊಂಡಿತು. ಆರನೆಯ ದಿನ ಆನಂದನಿಗೆ ಫೋನ್ ಹೋಯಿತು.

"ಕಾಕಾ, ಏನರ ಬೆರಸೀರೇನು?"

"ಏನಿಲ್ಲ. ಸ್ವಲ್ಪ ಗಂಜಿ."

"ಗಂಜಿ!"

"ಸ್ವಲ್ಪ ಕುಸುಬಿ ಎಣ್ಣಿ."

"ಒಗ್ಗರಣಿ ಒಂದ ಬಾಕಿ ಐತಿ ನೋಡ್ರಿ, ಕಾಕಾ."

ಈ ಸುದ್ದಿ ಶಮಶಾದಬಿಯ ಫೋನಿನಿಂದ ಶಿರಹಟ್ಟಿ ಮುಟ್ಟಿತು. "ಅಕ್ಕಾ, ಅಣ್ಣಾರು ಕಟಿಗಿಗೆ ಗಂಜಿ ಕುಡಸಾಕತ್ತಾರ್ರಿ, ಒಮ್ಮೆ ಬಂದ ಹೋಗ್ರಿ." ಭಾನುವಾರ ಮೇಘಾಳಿಗೆ ರಜೆ. ಚೌಡವ್ವ ಬೆಳಗಿನ ಬಸ್ಸಿಗೆ ಬಂದಳು. ಸಂಜೆ ಐದರ ಬಸ್ಸಿಗೆ ಹೊರಡುವವಳೆಂದು ಬಾಗಿಲಲ್ಲೇ ಹೇಳಿದಳು.

ಮನೆ ಗುಡಿಸಿದಳು. ಮೂರು ಬುಟ್ಟಿ ಹೊಟ್ಟು ಹೊರಹಾಕಿದಳು. ಬಿಸಿ ರೊಟ್ಟಿ ಬಡಿದಳು. ದಿನವಿಡೀ ಅವಳು ಮಾತಾಡಿದಳು, ನಾರಾಯಣಪ್ಪ ಅವಳ ಹಿಂದೆ ಹಿಂದೆ ಸುತ್ತಿದ. "ಹೋಗಬ್ಯಾಡ" ಎಂಬುದು ಹತ್ತು ಸಲ ಗಂಟಲಿಗೆ ಬಂತು, ಹತ್ತು ಸಲವೂ ರೊಟ್ಟಿಯ ಜೊತೆ ಒಳಗಿಳಿಯಿತು. ನಾಲ್ಕಕ್ಕೆ ಅವಳು ಚೀಲ ಎತ್ತಿಕೊಂಡಳು.

"ಅಲ್ರಿ, ಆ ಬೆಂಚ ತೋರಸಲೇ ಇಲ್ಲಲ್ರಿ?"

ಹಿತ್ತಲಿಗೆ ಕರೆದೊಯ್ದ. ಚೌಡವ್ವ ನಗಲಿಲ್ಲ. "ನಮ್ಮ ಮಗ್ಗದ ಕಟಿಗಿ ಅಲ್ಲೇನ್ರಿ ಇದು?" ಎನ್ನುತ್ತ, ಚೀಲ ಕೆಳಗಿಟ್ಟು, ಮಂಡಿ ನೋವಿನ ಕಾಲನ್ನು ಮಡಿಸುತ್ತ, ಗೋಡೆ ಹಿಡಿದು ಕೂಡಲು ಬಾಗಿದಳು. ಗೇಣೆತ್ತರದ ಬೆಂಚಿಗೆ ಅಂಥ ಮಂಡಿಯವರು ಇಳಿಯಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ "ಹಸಿ ಐತಿ" ಎಂದು ಒಬ್ಬ ಮನುಷ್ಯ ಮೂರು ಸಲ ಹೇಳಬಹುದಿತ್ತು.

ನಾರಾಯಣಪ್ಪ ಒಂದು ಸಲವೂ ಹೇಳಲಿಲ್ಲ.

ಏಳಲು ಹೋದಾಗ ಬೆಂಚೂ ಜೊತೆಗೆ ಎದ್ದಿತು! ಮಂಡಿ ತಾಳದೆ ಮತ್ತೆ ಕೂತಳು. ಶಮಶಾದಬಿ ಕೊಬ್ಬರಿ ಎಣ್ಣೆ ತಂದಳು, ಬಿಸಿನೀರು ತಂದಳು, ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ವಾಪಸು ಹೋದಳು. ಐದು ಗಂಟೆ ಹೊಡೆಯಿತು. ಬಸ್ಸು ಹೋಯಿತು.

"ಹಸಿ ಐತಿ ಅಂತ ನಿಮಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ತು."

"ಮತ್ಯಾಕ ಹೇಳಲಿಲ್ಲ?"

ನಾರಾಯಣಪ್ಪ ಒಳಗೆ ಓಡಿ ಮಷಿನ್ ಬಟನ್ ಒತ್ತಿದ. ಕರೆಂಟ್ ಇರಲಿಲ್ಲ! ಇನ್ನು ಉಳಿದದ್ದು ಅವನ ಬಾಯಿ ಒಂದೇ. ವಾಪಸು ಬಂದು ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಹೇಳಿದ: "ನನಗ ಒಬ್ಬಾವಗ ಇರಾಕ ಆಗವಲ್ದು, ಚೌಡಿ."

ಅವಳು ಕೂತಲ್ಲಿಂದಲೇ ತಲೆ ಎತ್ತಿದಳು.

"ಇಷ್ಟ ಮಾತಿಗೆ ಎಂಟು ತಿಂಗಳ ಬೇಕಾತನ್ರಿ? ಬೀಗಿತ್ತಿಗೆ ಆರಾಮಾಗಿ ಎರಡು ತಿಂಗಳಾತು. ಕೂಸಿನ್ನ ಆಕಿನ ನೋಡ್ಕೊಂತಾಳ. ನೀವು ಕರೀತೀರೇನು ಅಂತ ನಾ ದಿನಾ ಫೋನ್ ಹಿಡಕೊಂಡು ಕುಂಡ್ರೂದು, ನೀವು ಆ ಹಾಳ ಮಷಿನ್ ಹಚ್ಚೂದು! ಮೇಘಾಗ ಹೇಳ್ರಿ, ಬೆಂಚ ಒಣಗೂತನಕ ನಾ ಬರಂಗಿಲ್ಲ ಅಂತ."

ರಾತ್ರಿ ಕೊಬ್ಬರಿ ಎಣ್ಣೆಯ ದಯೆಯಿಂದ ಚೌಡವ್ವ ಬೆಂಚಿನಿಂದ ಬಿಡುಗಡೆಯಾದಳು. ಮರುದಿನ ಬೆಳಿಗ್ಗೆ ನಾರಾಯಣಪ್ಪ ಹಿತ್ತಲಿಗೆ ಹೋಗಿ ಬೆಂಚಿನ ಮೇಲೆ ಬೆರಳಿಟ್ಟು ನೋಡಿದ. ಒಂದು ಮೂಲೆ ಒಣಗಿದಂತೆ ಅನ್ನಿಸಿತು. ಸದ್ದಾಗದ ಹಾಗೆ ಅಡುಗೆಮನೆಗೆ ಬಂದು, ಕಳ್ಳನ ಹಾಗೆ ಜೋಳದ ಹಿಟ್ಟು ತೆಗೆದು, ಒಲೆಯ ಮೇಲೆ ಗಂಜಿಗೆ ಇಟ್ಟ. ಗಂಜಿ ಇಳಿಸಿಕೊಂಡು ಇನ್ನೇನು ಹಿತ್ತಲಿಗೆ ಹೊರಡಬೇಕು, ಪಡಸಾಲೆಯಿಂದ ಚೌಡವ್ವ ಕೂಗಿದಳು:

"ಎಣ್ಣಿ ಮರೀಬ್ಯಾಡ್ರಿ!"