ಫೋಟೋಗೆ ಒಬ್ಬರು ಕಡಿಮೆ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ನಿಮಗೂ ಸಲೀಸು, ನನಗೂ ಸಲೀಸು. ಹಾವಿಗೆ, ಹುಲಿಗೆ, ಕಳ್ಳಕಾಕರಿಗೆ ಹೆದರುವವರನ್ನು ಯಾರೂ ಪುಕ್ಕಲರೆನ್ನುವುದಿಲ್ಲ, ಅವರು ಬುದ್ಧಿವಂತರು. ನಾನು ಹೆದರುವುದು ಟೆಲಿಫೋನಿನ ಗಂಟೆಗೆ, ಇನ್ನೂ ಒಡೆಯದ ಲಕೋಟೆಗೆ, ‘ಸಾಹೇಬರು ಕರೀತಾರೆ’ ಎಂಬ ಎರಡು ಶಬ್ದಕ್ಕೆ. ಮುಂಬಯಿಗೆ ಬಂದು ನಾಲ್ಕು ವರ್ಷವಾದರೂ ಲೋಕಲ್ ರೈಲು ಪೂರ್ತಿ ನಿಲ್ಲುವ ಮೊದಲು ಇಳಿಯುವ ಧೈರ್ಯ ನನಗೆ ಬಂದಿಲ್ಲ. ಕುರ್ಲಾದಲ್ಲಿ ಇಳಿದು ಚೆಂಬೂರಿನ ಗಾಡಿ ಹಿಡಿಯಬೇಕಾದವನು, ಹತ್ತುವವರ ರಭಸಕ್ಕೆ ಮತ್ತೆ ಒಳಗೇ ತಳ್ಳಿಸಿಕೊಂಡು ಮುಂದಿನ ಘಾಟಕೋಪರ್ ಸ್ಟೇಷನ್ ನೋಡಿಕೊಂಡು ಬಂದದ್ದು ಎಷ್ಟು ಸಲವೋ. ಇಂಥವನ ಕೈಗೆ ಕಂಪನಿಯ ಸಮಾರಂಭದ ಫೋಟೋ ತೆಗೆಯುವ ಕೆಲಸ ಕೊಡಬಾರದು. ಕೊಟ್ಟರು.

ತಪ್ಪು ನನ್ನದೇ. ನನ್ನ ಹೆಂಡತಿಯ ಅಣ್ಣ ಮಿಲಿಟರಿ ಬಿಟ್ಟು ಬರುವಾಗ ಒಂದು ಡಬ್ಬಾ ಕ್ಯಾಮೆರಾ ತಂದಿದ್ದ. ಬೇಸರ ಬಂದ ಮೇಲೆ ನನಗೆ ದಾಟಿಸಿದ. ಕರಿಯ ಚೌಕ ಡಬ್ಬಿ, ಮುಂದೊಂದು ಕಣ್ಣು, ಪಕ್ಕದಲ್ಲೊಂದು ಸಣ್ಣ ಮೊಳೆಯಂಥ ಕಡ್ಡಿ. ಹೊಟ್ಟೆಯ ಮಟ್ಟಕ್ಕೆ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಿ ಕಡ್ಡಿ ಒತ್ತಬೇಕು. ಅದರಲ್ಲಿ ನಾನು ಪಕ್ಕದ ಬಿಲ್ಡಿಂಗಿನ ಬೆಕ್ಕಿನ ಒಂದು ಚಿತ್ರ ತೆಗೆದಿದ್ದೆ. ಬೆಕ್ಕು ಮಲಗಿತ್ತು, ಆದ್ದರಿಂದ ಚೆನ್ನಾಗಿ ಬಂದಿತ್ತು. ಆ ಚಿತ್ರವನ್ನು ಆಫೀಸಿಗೆ ಒಯ್ದು ಹತ್ತು ಜನಕ್ಕೆ ತೋರಿಸಿದೆ. ಅಲ್ಲಿಗೆ ಮುಗಿಯಿತು.

ಫೋರ್ಟ್ ಭಾಗದಲ್ಲಿ ಬಣ್ಣ ಮಾರುವ ಒಂದು ಕಂಪನಿಯಲ್ಲಿ ನಾನು ಗುಮಾಸ್ತ. ಅದೂ ಎರಡು ವರ್ಷದಿಂದ ಹಂಗಾಮಿ. ಕೆಲಸ ಕಾಯಂ ಮಾಡುವ ಕಾಗದ ಟೈಪಾಗಿ ಮ್ಯಾನೇಜರ್ ಮೆಹ್ತಾ ಸಾಹೇಬರ ಮೇಜಿನ ಮೇಲೆ ಕಲ್ಲಿನ ಗುಂಡಿನಡಿ ಕೂತಿತ್ತು. ದಿನಾ ಬಾಗಿಲ ಸಂದಿಯಿಂದ ಅದನ್ನು ನೋಡಿ ಬರುತ್ತಿದ್ದೆ. ಅಷ್ಟರಲ್ಲಿ ಕಂಪನಿಯ ಇಪ್ಪತ್ತೈದನೆಯ ವರ್ಷದ ಸಮಾರಂಭ ಬಂತು, ವಿಲಾಯತಿಯಿಂದ ಚೇರ್ಮನ್ ಸಾಹೇಬರೂ ಬಂದರು, ಗೊತ್ತುಮಾಡಿದ್ದ ಸ್ಟುಡಿಯೋದವನಿಗೆ ಹಿಂದಿನ ದಿನವೇ ಕಾಮಾಲೆಯೂ ಬಂತು. ಮದುವೆಯ ದಿನಗಳು, ಬೇರೆ ಫೋಟೋದವರು ಯಾರೂ ಖಾಲಿ ಇಲ್ಲ. ಮೆಹ್ತಾ ಸಾಹೇಬರು ನನ್ನನ್ನು ಕರೆದರು. ಅವರು ಆಡುವುದು ಗುಜರಾತಿ ಬೆರೆತ ಹಿಂದಿ. ಅದನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ. ನನ್ನ ಹಿಂದಿಯನ್ನಂತೂ ಹೇಳುವ ಹಾಗೇ ಇಲ್ಲ. “ಕುಲಕರ್ಣಿ, ನಾಳೆ ನಿನ್ನ ಕ್ಯಾಮೆರಾ ತಾ. ಫೋಟೋ ಹೆಡ್ ಆಫೀಸಿಗೆ ಹೋಗಬೇಕು. ಚೆನ್ನಾಗಿ ಬಂದರೆ ನಿನ್ನ ಕಾಗದಕ್ಕೂ ಸಹಿ ಹಾಕಿಬಿಡುತ್ತೇನೆ.” ಕೆಟ್ಟರೆ ಏನೆಂದು ಅವರು ಹೇಳಲಿಲ್ಲ. ನನಗೆ ಕೇಳಿಸಿದ್ದು ಅದೊಂದೇ.

ಮನೆಗೆ ಬಂದು ಹೇಳಿದೆ. “ಬಡಾಯಿ ಕೊಚ್ಚಿಕೊಳ್ಳಲಿಕ್ಕೆ ಯಾರು ಹೇಳಿದ್ರು ನಿಮಗ? ಬೆಕ್ಕಿನ ಫೋಟೋ ಅಂತ, ಬೆಕ್ಕಿಂದು!” ಅಂದಳು ಹೆಂಡತಿ. ಅವ್ವ ಮಾತ್ರ ಅಕ್ಕಿ ಆರಿಸುವುದನ್ನು ಬಿಟ್ಟು ತಲೆಯೆತ್ತಿದಳು. “ರಾಘೂ, ಎಷ್ಟರೆ ಫೋಟೋ ತಗೀ. ಆದರ ಮೂರು ಮಂದೀದು ಮಾತ್ರ ತಗೀಬ್ಯಾಡಪ್ಪಾ. ನಡುವ ನಿಂತಾಂವ ಉಳಿಯೂದಿಲ್ಲ.” ಇದು ನಾನು ಧಾರವಾಡದಲ್ಲಿ ಚಡ್ಡಿ ಹಾಕಿಕೊಳ್ಳುತ್ತಿದ್ದಾಗಿನಿಂದ ಕೇಳಿದ ಮಾತು. ಅವ್ವನ ದೊಡ್ಡ ಸೋದರಮಾವ ಇಬ್ಬರು ತಮ್ಮಂದಿರ ನಡುವೆ ನಿಂತು ಫೋಟೋ ತೆಗೆಸಿಕೊಂಡರು, ವರ್ಷದೊಳಗೆ ತೀರಿಕೊಂಡರು. ಆಗ ಅವರಿಗೆ ಎಂಬತ್ತೆರಡು. ದಮ್ಮಿತ್ತು, ಸಿಹಿಮೂತ್ರವಿತ್ತು, ಹಬ್ಬಕ್ಕೆ ಹೋಳಿಗೆ ಎಣಿಸದೆ ತಿನ್ನುವ ಪದ್ಧತಿಯಿತ್ತು. ಅದ್ಯಾವುದಕ್ಕೂ ದೂರು ಬರಲಿಲ್ಲ, ಬಂದದ್ದು ಫೋಟೋಕ್ಕೆ. ನಾನು ಬಿ.ಎ. ಓದಿದವನು. “ಏನವ್ವಾ ನೀನು, ಯಾವ ಕಾಲದಾಗ ಇದ್ದೀ?” ಎಂದು ಜೋರಾಗಿ ನಕ್ಕೆ. ಅಷ್ಟು ಜೋರಾಗಿ ನಗುವ ಅಗತ್ಯವಿರಲಿಲ್ಲ.

ಆಫೀಸಿನ ಹಿಂದಿನ ಅಂಗಳದಲ್ಲಿ ಶಾಮಿಯಾನಾ ಹಾಕಿದ್ದರು. ನನ್ನ ಡಬ್ಬಿಗೆ ಬಿಸಿಲಿಲ್ಲದೆ ಕಣ್ಣು ಕಾಣುವುದಿಲ್ಲ, ಸಮಾರಂಭವೆಲ್ಲ ನೆರಳಲ್ಲಿ. ರೋಲಿನಲ್ಲಿ ಇದ್ದದ್ದು ಎಂಟೇ ಚಿತ್ರ. ಹಾರ ಹಾಕುವಾಗ ಒಂದು ಒತ್ತಿದೆ. ದೀಪ ಹಚ್ಚುವಾಗ ಒಂದು ಒತ್ತಿದೆ, ಆಮೇಲೆ ಭಾಷಣಕ್ಕೊಂದು ಒತ್ತಿದ ಮೇಲೆ ನಡುವೆ ರೋಲು ತಿರುವದೆ ಒಂದರ ಮೇಲೊಂದು ತೆಗೆದೆನೆಂಬುದು ನೆನಪಾಯಿತು. ಇನ್ನೊಂದು ತೊಂದರೆಯೆಂದರೆ ಆ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಬೆಕ್ಕು ಮಲಗಿದ್ದರಿಂದ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಚೇರ್ಮನ್ ಸಾಹೇಬರು ಬಲಕ್ಕೆ ನಡೆದರೆ ನಾನು ಎಡಕ್ಕೆ ಓಡಿ, ಬಾಡಿಗೆಗೆ ತಂದ ಕ್ರೋಟನ್ ಕುಂಡದ ಮೇಲೆ ಬಿದ್ದೆ. ಜನ ನಕ್ಕರು, ಮೆಹ್ತಾ ಸಾಹೇಬರು ನಗಲಿಲ್ಲ.

ಕಡೆಗೆ ಎಲ್ಲರೂ ಬಿಸಿಲಿಗೆ ಬಂದರು. ಅಷ್ಟರಲ್ಲಿ ಏಳು ಮುಗಿದು ಉಳಿದದ್ದು ಒಂದೇ ಚಿತ್ರ. “ಕುಲಕರ್ಣಿ, ಇದೇ ಮುಖ್ಯವಾದದ್ದು!” ಎಂದು ಕೂಗಿ ಮೆಹ್ತಾ ಸಾಹೇಬರು ನಿಂತರು. ಒಂದು ಕಡೆ ಚೇರ್ಮನ್ ಸಾಹೇಬರು, ಇನ್ನೊಂದು ಕಡೆ ಮುಖ್ಯ ಅತಿಥಿಗಳಾದ ನಿವೃತ್ತ ನ್ಯಾಯಾಧೀಶರು. ನಾನು ತಲೆ ತಗ್ಗಿಸಿ ಗಾಜಿನಲ್ಲಿ ನೋಡಿದೆ. ಒಂದು, ಎರಡು, ಮೂರು. ಮತ್ತೆ ಎಣಿಸಿದೆ. ಮೂರೇ.

ಬಿ.ಎ. ಎಲ್ಲಿ ಹೋಯಿತೋ ಗೊತ್ತಿಲ್ಲ. ಸೋದರಮಾವನ ಮುಖ ಗಾಜಿನಲ್ಲಿ ಬಂದು ನಿಂತಿತು. ಬೆರಳು ಕಡ್ಡಿಯ ಮೇಲೆ ಮರಗಟ್ಟಿತು. ನಡುವೆ ನಿಂತವರು ಯಾರು? ನನ್ನ ಕಾಗದಕ್ಕೆ ಸಹಿ ಹಾಕಬೇಕಾದವರು! ಒತ್ತಿದರೆ ಅವರು ಹೋಗುತ್ತಾರೆ, ಒತ್ತದಿದ್ದರೆ ನಾನು ಹೋಗುತ್ತೇನೆ. ನಿಜ ಹೇಳಬೇಕೆಂದರೆ, ಅವರ ಮಡದಿ ಮಕ್ಕಳು ನೆನಪಾಗುವ ಮೊದಲೇ ಸಹಿಯಿಲ್ಲದ ಕಾಗದ ನೆನಪಾಯಿತು. ಇದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. “ಏನಾಯಿತು?” ಎಂದರು ಸಾಹೇಬರು. “ಒಬ್ಬರು ಕಡಿಮೆ ಇದ್ದಾರೆ ಸಾಹೇಬ್” ಎಂದುಬಿಟ್ಟೆ.

ಆಗಲೇ ಪಕ್ಕದಲ್ಲಿ ರಾಮಣ್ಣನವರು ಹಾಯ್ದು ಹೊರಟಿದ್ದರು. ನಮ್ಮ ಆಫೀಸಿನ ಗಲ್ಲಿಯ ಉಡುಪಿ ಹೋಟೆಲಿನ ಮಾಲೀಕರು, ಅಂದಿನ ಉಪಾಹಾರ ಅವರದೇ. ಕೈಯಲ್ಲಿ ಉದ್ದಿನ ವಡೆಯ ತಾಟು. ನಾನು ಅವರ ರಟ್ಟೆ ಹಿಡಿದು ಎಳೆದೆ.

“ಎಂತ ಮಾರಾಯ್ರೆ! ನನ್ನನ್ನು ಎಂತಕ್ಕೆ? ವಡೆ ತಣ್ಣಗಾಗ್ತದೆ!”

“ನಿಮ್ಮ ಕಾಲ ಬೀಳ್ತೀನ್ರೀ, ಒಂದು ನಿಮಿಷ ನಿಂದರ್ರಿ. ಒಂದು ಜೀವದ ಪ್ರಶ್ನೆ ಅದ.”

ಜೀವದ ಪ್ರಶ್ನೆ ಎಂದ ಮೇಲೆ ಪಾಪ ಅವರು ಹೋಗಿ ಮೆಹ್ತಾ ಸಾಹೇಬರ ಪಕ್ಕಕ್ಕೆ ತಾಟಿನ ಸಮೇತ ನಿಂತರು. ಯಾರಿಗೂ ಏನೂ ತಿಳಿಯುವ ಮೊದಲೇ ಕಡ್ಡಿ ಒತ್ತಿದೆ. ಎದೆಯ ಭಾರ ಇಳಿಯಿತು. ಎರಡನೆಯ ಭಾರ ಏರಲು ಎರಡು ದಿನ ಬೇಕಾಯಿತು.

ರೋಲು ತೊಳೆಸಿ ತಂದಾಗ ಏಳು ಚಿತ್ರಗಳ ಗತಿ ನೋಡುವಂತಿರಲಿಲ್ಲ. ಒಂದರಲ್ಲಿ ಚೇರ್ಮನ್ ಸಾಹೇಬರ ಗದ್ದದಲ್ಲಿ ದೀಪ ಉರಿಯುತ್ತಿತ್ತು. ಎರಡರಲ್ಲಿ ನನ್ನ ಹೆಬ್ಬೆರಳು ಸ್ವಾಗತ ಭಾಷಣ ಮಾಡುತ್ತಿತ್ತು. ಸ್ಪಷ್ಟವಾಗಿ ಬಂದದ್ದು ಎಂಟನೆಯದೊಂದೇ. ಅದರಲ್ಲೂ ಮೂವರು ದೊಡ್ಡವರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹುಳಿ ಮಾವು ಕಚ್ಚಿದವರಂತೆ ನಿಂತಿದ್ದರೆ, ರಾಮಣ್ಣನವರು ಮಾತ್ರ ತಾವೇ ಕಂಪನಿ ಕಟ್ಟಿದವರಂತೆ ನಗುತ್ತಿದ್ದರು. ಒಂದೊಂದು ವಡೆಯ ತೂತೂ ಕಾಣುತ್ತಿತ್ತು. ಕತ್ತರಿ ತಂದು ರಾಮಣ್ಣನವರನ್ನು ತೆಗೆದು, ಉಳಿದೆರಡು ತುಂಡು ಕೂಡಿಸಿ ಅಂಟಿಸಿಬಿಡೋಣವೆಂದುಕೊಂಡೆ. ಕತ್ತರಿ ಕಾಗದಕ್ಕೆ ತಾಗುವಷ್ಟರಲ್ಲಿ ಹೊಳೆಯಿತು: ಅವರನ್ನು ತೆಗೆದರೆ ಮತ್ತೆ ಮೂರು! ಕತ್ತರಿ ಕೆಳಗಿಟ್ಟೆ.

ಮರುದಿನ ಸಾಹೇಬರ ಕೋಣೆಗೆ ಹೋಗಿ ಫೋಟೋ ಮೇಜಿನ ಮೇಲಿಟ್ಟೆ. ಸಾಹೇಬರು ಫೋಟೋ ನೋಡಿದರು. ತಿರುಗಿಸಿ ನೋಡಿದರು. “ಇವನು ಯಾರು?”

“ಉಡುಪಿ ಹೋಟೆಲಿನ ರಾಮಣ್ಣ, ಸಾಹೇಬ್.”

“ಹೆಡ್ ಆಫೀಸಿಗೆ ಹೋಗುವ ಫೋಟೋದಲ್ಲಿ, ನನ್ನ ಪಕ್ಕದಲ್ಲಿ, ವಡೆ ಹಿಡಿದುಕೊಂಡು?”

ಸುಳ್ಳು ಹೇಳಲೂ ಧೈರ್ಯ ಬೇಕು. ಅದು ಇಲ್ಲದ್ದರಿಂದ ನಿಜ ಹೇಳಿದೆ. ಅವ್ವ, ಅಕ್ಕಿ, ಸೋದರಮಾವ, ಮೂರು ಜನ, ಎಲ್ಲ. ಸಾಹೇಬರ ಮುಖ ಕೆಂಪಾಯಿತು. ಕಲ್ಲಿನ ಗುಂಡಿನ ಕಡೆ ಕೈ ಹೋಯಿತು. ಕಾಗದ ಹರಿಯುತ್ತಾರೋ, ಗುಂಡು ಎಸೆಯುತ್ತಾರೋ ತಿಳಿಯದೆ ಕಣ್ಣು ಮುಚ್ಚಿದೆ. “ಮೂರ್ಖ! ಈ ಕಾಲದಲ್ಲಿ! ಮೂವರು ನಿಂತರೆ ಸಾಯುತ್ತಾರಂತೆ! ಯಾರು ಸಾಯುತ್ತಾರೆ, ಮೂವರೂ?”

“ಇಲ್ಲ ಸಾಹೇಬ್. ನಡುವೆ ನಿಂತವರು ಮಾತ್ರ.”

ಕಣ್ಣು ತೆರೆದೆ. ಸಾಹೇಬರು ಫೋಟೋದ ಮೇಲೆ ಬೆರಳಿಟ್ಟು ಎಣಿಸುತ್ತಿದ್ದರು. ರಾಮಣ್ಣನವರ ಮೇಲೆ ಇನ್ನೊಂದು ಕೈ ಮುಚ್ಚಿ ನೋಡಿದರು. ಕೂಡಲೇ, ಬಿಸಿ ತಟ್ಟಿದವರಂತೆ, ಆ ಕೈಯನ್ನು ತೆಗೆದರು. ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. “ನಾನು ಇದನ್ನೆಲ್ಲ ನಂಬುವುದಿಲ್ಲ” ಎಂದು ತಗ್ಗಿದ ದನಿಯಲ್ಲಿ ಹೇಳಿ ನನ್ನ ಕಾಗದಕ್ಕೆ ಸಹಿ ಹಾಕಿದರು. ಫೋಟೋ ಹಾಗೇ ವಿಲಾಯತಿಗೆ ಹೋಯಿತು. ಮಾರನೆಯ ದಿನದಿಂದ ಸಾಹೇಬರ ನಾಲ್ಕು ಗಂಟೆಯ ಕಾಫಿ ರಾಮಣ್ಣನವರ ಹೋಟೆಲಿನಿಂದಲೇ ಬರತೊಡಗಿತು.

ಕಾಯಂ ಆದ ಸಂತೋಷಕ್ಕೆ ಮನೆಯಲ್ಲೂ ಒಂದು ಫೋಟೋ ಬೇಕೆನಿಸಿತು. ಒಂದು ಭಾನುವಾರ ರಾಮಣ್ಣನವರು ಕಂಪನಿಯ ಆ ಚಿತ್ರದ ಒಂದು ಪ್ರತಿಯನ್ನು ಊರಿಗೆ ಕಳಿಸಲು ಕೇಳಿಕೊಂಡು ಚೆಂಬೂರಿನ ನಮ್ಮ ಮನೆಗೆ ಬಂದಿದ್ದರು. ಕಡ್ಡಿ ಒತ್ತಲು ಅವರನ್ನೇ ನಿಲ್ಲಿಸಿದೆ. ನಾನು, ಹೆಂಡತಿ, ಅವ್ವ ನಮ್ಮ ಸಾಲುಮನೆಗಳ ಚಾಳಿನ ಮುಂದೆ ಬಿಸಿಲಿಗೆ ನಿಂತೆವು. ಎಣಿಕೆ ನನಗಿಂತ ಮೊದಲು ಅವ್ವನಿಗೆ ಹೊಳೆಯಿತು. ಏನೂ ಅನ್ನದೆ ಸೆರಗು ಸರಿಮಾಡಿಕೊಂಡು ನಮ್ಮಿಬ್ಬರ ನಡುವೆ ಬಂದು ನಿಂತಳು. “ನಾ ನಿಲ್ತೀನಿ ನಡುವ. ನಂದೇನದ ಇನ್ನ, ವಯಸ್ಸಾತು. ನೀವಿಬ್ಬರೂ ಆಚೀಚೆ ನಿಂದರ್ರಿ” ಅಂದಳು, ಪಂಕ್ತಿಯಲ್ಲಿ ಎಲೆ ಹಾಕಿದಷ್ಟು ಸಹಜವಾಗಿ. “ನಿಲ್ಲಸ್ರಿ ರಾಮಣ್ಣಾ! ಒತ್ತಬ್ಯಾಡ್ರಿ!” ಎಂದು ಇಡೀ ಚಾಳು ಹೊರಗೆ ಬರುವ ಹಾಗೆ ಅರಚಿ ಓಡಿಹೋಗಿ ಕ್ಯಾಮೆರಾ ಕಸಿದುಕೊಂಡೆ. ಪಕ್ಕದ ಮನೆಯವರ ಕೈಗೆ ಅದನ್ನು ಕೊಟ್ಟು ರಾಮಣ್ಣನವರನ್ನು ಅವ್ವನ ಪಕ್ಕಕ್ಕೆ ನಿಲ್ಲಿಸಿದೆ. “ಪುನಃ ನಾನಾ ಮಾರಾಯ್ರೆ? ಇವತ್ತು ವಡೆ ಸಹ ಇಲ್ಲ!” ಎಂದರು ಅವರು.

ಆ ಫೋಟೋ ಈಗ ನಮ್ಮ ಗೋಡೆಯ ಮೇಲಿದೆ. ಬಂದವರು ರಾಮಣ್ಣನವರನ್ನು ತೋರಿಸಿ ‘ಇವರು ನಿಮ್ಮ ತಮ್ಮನೇ?’ ಎಂದು ಕೇಳುತ್ತಾರೆ, ನಾನು ಹೌದೆನ್ನುತ್ತೇನೆ. ಅವ್ವ ಮಾತ್ರ, “ನಮ್ಮ ರಾಘೂ ಬಿ.ಎ. ಆದರೂ ಭಾಳ ಅಂಜತಾನ” ಎಂದು ಎಲ್ಲರೆದುರಿಗೆ ನಗುತ್ತಾಳೆ. ಹೋದ ವಾರ ಹೆಂಡತಿ ತಲೆ ತಗ್ಗಿಸಿಕೊಂಡು, “ಇನ್ನ ಮ್ಯಾಲೆ ಫೋಟೋಕ್ಕ ರಾಮಣ್ಣನ್ನ ಕರೀಬೇಕಾಗಿಲ್ರಿ. ನಾಲ್ಕನೇದವರು ಮನ್ಯಾಗ ಬರ್ಲಿಕ್ಹತ್ಯಾರ” ಅಂದಳು. ನನಗೆ ಸಂತೋಷವೇ ಸಂತೋಷ. ಆದರೆ ಮರುದಿನ ಲೋಕಲ್ಲಿನ ಒಳಗೆ ಹಿಡಿಕೆಗೆ ಜೋತುಬಿದ್ದು ಹೋಗುವಾಗ ಅವಳ ತವರಿನ ಕಡೆ ಅವಳಿ ಹುಟ್ಟುವುದುಂಟು ಎಂಬುದು ನೆನಪಾಯಿತು. ಹಾಗಾದರೆ ಐವರಾಗುತ್ತೇವೆ. ಐವರಲ್ಲಿ ಮತ್ತೆ ನಡುವಿನವರೊಬ್ಬರು ಇರುತ್ತಾರೆ. ಆಫೀಸು ತಲುಪುವ ಮೊದಲೇ ಹೋಟೆಲಿಗೆ ಹೋಗಿ, ಯಾವುದಕ್ಕೂ ಸಿದ್ಧವಾಗಿರಿ ಎಂದು ರಾಮಣ್ಣನವರಿಗೆ ಹೇಳಿಬಂದೆ.