ನಲವತ್ತೊಂದು ದಿನ ತಡವಾಗಿ ದಯಮಾಡಿಸಿದ ವರ್ಗಾವಣೆ ಪತ್ರದವರಿಗೆ

ಮಾನ್ಯರೇ,

ಹಳೆಯ ಶಾಲೆಯ ಕಂಪ್ಯೂಟರಿನ ಹೊಟ್ಟೆಯೊಳಗೆ ಇಷ್ಟು ದಿನ ತಣ್ಣಗೆ ವಿರಾಜಮಾನರಾಗಿದ್ದ ತಮಗೆ, ಸಮವಸ್ತ್ರ ಹೊಲಿಯುವ ಕಾರ್ಖಾನೆಯ ದರ್ಜಿಯೂ ಅಲ್ಲಿನ ಸಂಘದ ಕಾರ್ಯಕರ್ತೆಯೂ ಆದ ನಾನು ಎರಡೂ ಕೈ ಜೋಡಿಸಿ ಮಾಡುವ ವಂದನೆಗಳು. ನಾನು ಘೋಷಣೆ ಕೂಗಿ ಕೂಗಿ ಗಂಟಲು ಒರಟಾದವಳು. ವಿನಯ ನನಗೆ ಹೊಸ ರವಿಕೆ ಇದ್ದಂತೆ, ಅಲ್ಲಲ್ಲಿ ಹಿಡಿದರೆ ಮನ್ನಿಸಬೇಕು.

ಮಕ್ಕಳ ಪಾಲನಾ ಕಚೇರಿಯವರು ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ಸಾಕುಮಗಳಾಗಿ ನನ್ನ ಮನೆಯಲ್ಲಿ ಬಿಟ್ಟುಹೋದದ್ದು ತಮಗೆ ತಿಳಿದೇ ಇದೆ. ಒಂದು ಚೀಲ, ಸವೆದ ಒಂದು ಜೊತೆ ಚಪ್ಪಲಿ, ಇಷ್ಟನ್ನು ಹೊತ್ತು ಆಕೆ ಮೂರು ಗಂಟೆಯೊಳಗೆ ಊರು ದಾಟಿ ಬಂದಳು. ಇದು ಅವಳ ನಾಲ್ಕನೆಯ ಮನೆ. ಮೊದಲ ಮನೆಯಾಕೆಯನ್ನು ಅಮ್ಮ, ಎರಡನೆಯವಳನ್ನು ಚಿಕ್ಕಮ್ಮ, ಮೂರನೆಯವಳನ್ನು ಆಂಟಿ ಎಂದು ಕರೆದು ಮುಗಿಸಿದ್ದರಿಂದ ನನ್ನ ಪಾಲಿಗೆ ಉಳಿದದ್ದು ಅತ್ತೆ. ಚೀಲವನ್ನು ಮಾತ್ರ ಆಕೆ ಬಿಚ್ಚಲಿಲ್ಲ. ಬೆಳಿಗ್ಗೆ ಅದರಿಂದ ಒಂದು ಅಂಗಿ ತೆಗೆಯುವಳು, ಸಂಜೆ ಅದನ್ನೇ ಒಗೆದು ಒಣಗಿಸಿ ಮಡಚಿ ಒಳಗಿಡುವಳು.

ಮರುದಿನವೇ ಅವಳನ್ನು ಬೀದಿಯ ಕೊನೆಯ ಶಾಲೆಗೆ ಕರೆದೊಯ್ದೆ. ಅಲ್ಲಿನ ಮುಖ್ಯ ಗುಮಾಸ್ತರು ಎದುರಿಗೆ ನಿಂತ ಹುಡುಗಿಯ ಮುಖವನ್ನೂ ನೋಡದೆ ಮೊದಲು ವಿಚಾರಿಸಿದ್ದು ತಮ್ಮ ಕ್ಷೇಮವನ್ನೇ. ತಾವಿಲ್ಲದೆ ಆಕೆ ಒಳಗೆ ಕಾಲಿಡುವಂತಿಲ್ಲ ಎಂದರು. ಆಕೆ ಇಲ್ಲದೆ ತಾವೊಬ್ಬರೇ ಬಂದರೆ ಹೇಗೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಅದಕ್ಕೇನೂ ಅಡ್ಡಿಯಿಲ್ಲ ಎಂದರು. ಹಾಗಿದ್ದಲ್ಲಿ ತಾವೇ ಆರನೆಯ ತರಗತಿಗೆ ಸೇರಿ, ಭಿನ್ನರಾಶಿ ಕಲಿತು, ಸಂಜೆ ಮನೆಗೆ ಬಂದು ಆಕೆಗೆ ಹೇಳಿಕೊಡಬೇಕೆಂದು ಆಗಲೇ ಪ್ರಾರ್ಥಿಸಿಕೊಳ್ಳಬಹುದಿತ್ತು. ಬುದ್ಧಿ ಹೊಳೆಯಲಿಲ್ಲ.

ಪಾಲನಾ ಕಚೇರಿಯ ಒಂದು ನಿಯಮವನ್ನೂ ತಮ್ಮ ಅವಗಾಹನೆಗೆ ತರಬೇಕು. ಆರು ವಾರದೊಳಗೆ ಮಗು ಶಾಲೆಗೆ ಸೇರದಿದ್ದರೆ ಸಾಕಿದವರು ಅಯೋಗ್ಯರೆಂದು ತೀರ್ಮಾನಿಸಿ ಮಗುವನ್ನು ಬೇರೆ ಮನೆಗೆ ಕಳಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ವೈದ್ಯವನ್ನು ಹುಡುಗಿ ನನಗಿಂತ ಚೆನ್ನಾಗಿ ಬಲ್ಲವಳು. ಮೂರನೆಯ ಮನೆ ಅವಳ ಕೈತಪ್ಪಿದ್ದೂ ಹೀಗೆಯೇ.

ಆದ್ದರಿಂದ ಅವಳನ್ನೂ ಕರೆದುಕೊಂಡು ಎರಡು ಬಸ್ಸು ಬದಲಿಸಿ, ಎರಡನೆಯ ಮನೆಯಲ್ಲಿದ್ದಾಗ ಆಕೆ ಓದಿದ ಹಳೆಯ ಶಾಲೆಗೆ ಐದು ಸಲ ತಮ್ಮ ದರ್ಶನಕ್ಕೆ ಬಂದೆ. ತಾವು ಹೊರಬರಬೇಕಾದರೆ 'ಶಾಲೆ ಬಿಟ್ಟ ಕಾರಣ' ಎಂಬ ಅಂಕಣ ತುಂಬಬೇಕಂತೆ. ಪಾಲಕರ ವರ್ಗಾವಣೆ ಎಂದರೆ ಪಾಲಕರ ನೌಕರಿಯ ಪತ್ರ ಬೇಕು. ಶಿಸ್ತುಕ್ರಮ ಎಂದರೆ ಸಭೆಯ ನಡಾವಳಿ ಬೇಕು. ಇತರೆ ಎಂದರೆ ಮನೆ ಬದಲಿಸಿದ ಆದೇಶದ ಪ್ರತಿ ಬೇಕು. ಆ ಆದೇಶವೋ ಮಗುವಿನ ರಕ್ಷಣೆಗಾಗಿ ಗುಟ್ಟಾಗಿಟ್ಟದ್ದು, ಪಾಲನಾ ಕಚೇರಿಯವರು ಯಾರಿಗೂ ತೋರಿಸುವುದಿಲ್ಲ. ಯಾರಿಂದ ರಕ್ಷಣೆ ಎಂದು ಕೇಳಿದ್ದಕ್ಕೆ ಅದೂ ಗುಟ್ಟೆಂದರು.

ಐದನೆಯ ಸಲ, ಅಂದರೆ ನಲವತ್ತೊಂದನೆಯ ದಿನ, ಹಳೆಯ ಶಾಲೆಯ ಗುಮಾಸ್ತರಿಗೆ ನಮ್ಮ ಮೇಲೆ ಕರುಣೆ ಹುಟ್ಟಿತು. ಕೆಟ್ಟ ಮನುಷ್ಯರಲ್ಲ, ಹುಡುಗಿಗೆ ಕೂರಲು ತಮ್ಮ ಕುರ್ಚಿಯನ್ನೇ ಕೊಟ್ಟಿದ್ದರು. ಪರದೆಯ ಮೇಲೆ ಬೆರಳಿಟ್ಟು, ದನಿ ತಗ್ಗಿಸಿ ಹೇಳಿದರು:

"ಕೊನೇದು ಒಂದಿದೆ ನೋಡಮ್ಮ. ನಿಧನ ಅಂತ. ಅದನ್ನ ಒತ್ತಿದ್ರೆ ಯಾವ ಕಾಗದಾನೂ ಕೇಳಲ್ಲ, ಈಗಲೇ ಬಂದುಬಿಡುತ್ತೆ."

ಸಂಘದಲ್ಲಿ ಇಪ್ಪತ್ತು ವರ್ಷ ಸವೆಸಿದ ನಾನು ಪರದೆಗೆ ಬಗ್ಗಿ ಆ ಪದವನ್ನು ಎರಡು ಸಲ ಓದಿದೆ. ಮಾತಾಡಿದವಳು ಕುರ್ಚಿಯಲ್ಲಿ ಕೂತು ಕಾಲು ಆಡಿಸುತ್ತಿದ್ದ ಹುಡುಗಿ.

"ಹಾಕಿಬಿಡಿ ಸಾರ್. ನಾಳೆ ಒಂದೇ ದಿನ ಇರೋದು. ನಂಗೆ ಅತ್ತೆ ಮನೇಲೇ ಇರಬೇಕು."

ಅರ್ಜಿಗೆ ರುಜು ಹಾಕಿದವಳು ನಾನು. ನಾಚಿಕೆಯಿಂದಲೇ ಹಾಕಿದೆ, ಆದರೆ ಹಾಕಿದೆ. ತಾವು ಬೆಚ್ಚಗೆ ಹೊರಬಂದಿರಿ.

ಇನ್ನು ತಮ್ಮ ಮಹಿಮೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಮರುದಿನ ಬೆಳಿಗ್ಗೆ ಹೊಸ ಶಾಲೆಯ ಮುಖ್ಯ ಗುಮಾಸ್ತರು ತಮ್ಮ ಮೊಹರು ನೋಡಿದರು, ಸಂಖ್ಯೆ ನೋಡಿದರು, ಬೆಳಕಿಗೆ ಹಿಡಿದು ರುಜುವನ್ನೂ ನೋಡಿದರು. ತೃಪ್ತರಾಗಿ, ತಾವು ಸತ್ತಳೆಂದು ಸಾರಿದ ಹುಡುಗಿಯನ್ನು ಆರನೆಯ ತರಗತಿಯ 'ಬಿ' ವಿಭಾಗಕ್ಕೆ ಸೇರಿಸಿಕೊಂಡರು. ಬದುಕಿದ್ದ ನಲವತ್ತೊಂದು ದಿನ ತೆರೆಯದ ಬಾಗಿಲು ಸತ್ತ ಮರುದಿನವೇ ತೆರೆಯಿತು. ಆಕೆ ಈಗ ಎರಡನೆಯ ಸಾಲಿನಲ್ಲಿ ಕೂರುತ್ತಾಳೆ. ಹಾಜರಿ ಕೂಗಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಓಗೊಡುತ್ತಾಳಂತೆ. ಟೀಚರು ಸ್ವಲ್ಪ ಮೆಲ್ಲಗೆ ಎಂದು ಹೇಳಿ ಕಳಿಸಿದ್ದಾರೆ.

ಕೊನೆಯದಾಗಿ ಒಂದೆರಡು ಅಹವಾಲು. ಇನ್ನು ಮುಂದೆ ಮಗು ಮೊದಲು ತರಗತಿಯೊಳಗೆ ಹೋಗಲಿ, ತಾವು ಬಿಡುವಾದಾಗ ಹಿಂದಿನಿಂದ ಬನ್ನಿ. ಹೊರಗೆ ಕಾಯುವುದರಿಂದ ಕಾಗದಕ್ಕೆ ಪಾಠವೇನೂ ತಪ್ಪುವುದಿಲ್ಲ. ಇದು ಅಸಾಧ್ಯವೆನಿಸಿದರೆ, ನಮ್ಮ ಹುಡುಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವುದರೊಳಗೆ ಅವಳಿಗೆ ಜೀವ ಬರಿಸುವ ಅಂಕಣವೊಂದನ್ನಾದರೂ ಹುಡುಕಿಡಿ. ಅದಕ್ಕೆ ಎಷ್ಟು ಪ್ರತಿ ಬೇಕೋ ಈಗಲೇ ಹೇಳಿದರೆ ಉಪಕಾರ.

ಬಸ್ಸು ನಿಲ್ದಾಣದಲ್ಲಿ ನಿಂತು ನಿಂತೇ ತಮ್ಮ ಮಹಿಮೆ ಅರಿತ,
ತಮ್ಮ ವಿಶ್ವಾಸಿ,
ದಿವಂಗತ ವಿದ್ಯಾರ್ಥಿನಿಯ ಅತ್ತೆ

ತಾ.ಕ.: ನಲವತ್ತೆರಡನೆಯ ದಿನದ ಸಂಜೆ ಪಾಲನಾ ಕಚೇರಿಯ ಮೇಲ್ವಿಚಾರಕಿ ಮನೆಗೆ ಬಂದು, ಸಮವಸ್ತ್ರ ತೊಟ್ಟ ಹುಡುಗಿಯ ಕೈಯಿಂದಲೇ ನೀರು ಕುಡಿದು, ಬಲು ಸಂತೋಷವೆಂದು ಹೇಳಿ ತಮ್ಮ ನಕಲೊಂದನ್ನು ಒಯ್ದಿದ್ದರು. ನಿನ್ನೆ ಅವರ ಕಚೇರಿಯಿಂದ ಪತ್ರ ಬಂದಿದೆ: ನನ್ನ ಮನೆಯಲ್ಲಿ ಒಂದು ಹಾಸಿಗೆ ತೆರವಾಗಿರುವುದು ದಾಖಲೆಯಿಂದ ಕಂಡುಬಂದಿರುವ ಕಾರಣ ಸೋಮವಾರ ಇನ್ನೊಂದು ಮಗುವನ್ನು ಕಳಿಸುತ್ತಾರಂತೆ; ಅದರ ಶಾಲೆಯ ಕಾಗದಗಳು ಹಿಂದಿನಿಂದ ಬರಲಿವೆಯಂತೆ. ಮಗು ಬರಲಿ. ಹುಡುಗಿ ಆಗಲೇ ತನ್ನ ಚೀಲ ಬಿಚ್ಚಿ, ಬಟ್ಟೆಯನ್ನೆಲ್ಲ ಬೀರುವಿಗೆ ಹಾಕಿ, ಕೆಳಗಿನ ಅರೆಯನ್ನು ಆ ಮಗುವಿಗೆಂದು ಖಾಲಿ ಬಿಟ್ಟಿದ್ದಾಳೆ. ಕಾರ್ಖಾನೆಗೆ ಸೋಮವಾರ ರಜೆ ಹೇಳಿದ್ದೇನೆ. ಈ ಸಲ ಸಂಘದ ಅರವತ್ತು ಹೆಂಗಸರೂ ನನ್ನ ಜೊತೆ ಬರುತ್ತಾರೆ, ಮತ್ತು ಯಾರೂ ಸಾಯುವುದಿಲ್ಲ.