ಟೀವಿಗೆ ಹೆಪ್ಪು

ಚೆನ್ನಾಗಿರುವ ವಸ್ತುವನ್ನು ಬಿಚ್ಚುವವನು ಜಗತ್ತಿನಲ್ಲಿ ನಾನೊಬ್ಬನೇ ಎಂಬುದು ನನ್ನ ಹೆಂಡತಿ ಅನ್ನಪೂರ್ಣಳ ಆರೋಪ. ಶುದ್ಧ ಅನ್ಯಾಯ. ಕೆಟ್ಟದ್ದನ್ನೂ ಬಿಚ್ಚಿದ್ದೇನೆ. (ಅವೆಲ್ಲ ಇನ್ನೂ ಅಟ್ಟದ ಮೇಲಿವೆ.)

ಟೀವಿಗಳಿಗೆ ಇನ್ನೂ ಬೆನ್ನು ಇದ್ದ ಕಾಲವದು. ನಮ್ಮ ಟೀವಿ, ಮದುವೆಯಲ್ಲಿ ಅತ್ತೆ ಕಸ್ತೂರೆಮ್ಮನವರು ಕುಷ್ಟಗಿಯಿಂದ ಕೊಟ್ಟು ಕಳಿಸಿದ್ದು. ಅದರ ಹೊಟ್ಟೆಯಲ್ಲಿ ಒಂದು ಚಿಪ್ ಇರುತ್ತದೆ, ಇಡೀ ಟೀವಿಗೆ ಕರೆಂಟು ಹಂಚುವ ಮಹಾಮಂತ್ರಿ ಅದೇ ಎಂದು ಎಲ್ಲೋ ಓದಿದ್ದೆ. ಅಂದಿನಿಂದ ಒಂದೇ ಪ್ರಶ್ನೆ ತಲೆ ಕೊರೆಯತೊಡಗಿತು. ಕರೆಂಟು ಹಂಚಲು ಚಿಪ್ ಏಳಬೇಕು, ಏಳಲು ಅದಕ್ಕೇ ಕರೆಂಟು ಬೇಕು. ಹಾಗಾದರೆ ಅದನ್ನು ಎಬ್ಬಿಸುವವರು ಯಾರು?

ಒಂದು ಭಾನುವಾರ, ಅಮಾವಾಸ್ಯೆ ಬೇರೆ, ತಡೆಯಲಾರದೆ ಬಿಚ್ಚಿಯೇ ಬಿಟ್ಟೆ. ಗುಟ್ಟು ಸಿಕ್ಕಿತು! ಒಂದು ಸಣ್ಣ ರೆಸಿಸ್ಟರು ಗೋಡೆಯ ಕರೆಂಟನ್ನು ಚಿಪ್‌ಗೆ ತೊಟ್ಟು ತೊಟ್ಟಾಗಿ ಹನಿಸುತ್ತದೆ. ಅಷ್ಟಕ್ಕೇ ಎಚ್ಚರಗೊಳ್ಳುವ ಚಿಪ್, ಆಮೇಲೆ ತಾನು ತಯಾರಿಸಿದ್ದರಲ್ಲೇ ಒಂದು ಪಾಲು ಉಂಡುಕೊಂಡು ಬದುಕುತ್ತದೆ. ಆನಂದದಿಂದ ಆ ರೆಸಿಸ್ಟರನ್ನು ಬೆರಳಿನಿಂದ ಸವರಿದೆ. ಬುಡದಲ್ಲೇ ಮುರಿದು ಕೈಗೆ ಬಂತು.

"ಏನ್ ಮುರದ್ರಿ?" ಅಡುಗೆಮನೆಯಿಂದ ಅನ್ನಪೂರ್ಣ ಕೇಳಿದಳು.

"ಏನೂ ಇಲ್ಲ."

"ಏನೂ ಇಲ್ಲಂದ್ರ ಟೀವಿ ಹಚ್ಚಿ ತೋರಸ್ರಿ."

ಟೀವಿ ಹತ್ತಲಿಲ್ಲ. ಅವಳು ಹಣೆ ಬಡಿದುಕೊಂಡಳು. "ಇವತ್ತ ಸಂಜೀಕ ಅವ್ವ ಬರ್ತಾಳ! ಹೇಮಗುಡ್ಡದ ಗುಡಿಗೆ ಹೋಗಿ ಸೀದಾ ಇಲ್ಲಿಗೇ ಬರಾಕಿ. ತಾ ಕೊಟ್ಟ ಟೀವಿ ಹಿಂಗ ಬಿದ್ದದ್ದ ನೋಡಿದ್ಲಂದ್ರ…"

ಮುಂದಿನದನ್ನು ಹೇಳಬೇಕಿರಲಿಲ್ಲ. ಹಿಂದೆ ಅವರೇ ಕೊಟ್ಟ ಮಿಕ್ಸರನ್ನು ನಾನು ಬಿಚ್ಚಿದ ಕಥೆಯನ್ನು ಅತ್ತೆ ಇಂದಿಗೂ ಪ್ರತಿ ಮದುವೆಯ ಪಂಕ್ತಿಯಲ್ಲಿ ಹೇಳುತ್ತಾರೆ. ಅದಕ್ಕೆ ಎರಡನೇ ಭಾಗ ಸೇರುವುದು ನನಗೆ ಬೇಡವಾಗಿತ್ತು. ಗಂಗಾವತಿಯ ಪೇಟೆಗೆ ಓಡಿದರೆ ರೆಸಿಸ್ಟರು ಮಾರುವ ಅಂಗಡಿ ಅಮಾವಾಸ್ಯೆಗೆಂದು ಬಾಗಿಲು ಹಾಕಿತ್ತು.

ದಾರಿಯಲ್ಲಿ ಮಿಂಚಿತು ಐಡಿಯಾ. ಚಿಪ್‌ಗೆ ಬೇಕಾದದ್ದು ಎಬ್ಬಿಸಲು ಒಂದೇ ಗುಟುಕು. ಎರಡು ಬ್ಯಾಟರಿ ಸೇರಿಸಿದರೆ ಸಾಕು! ಕರೆಂಟು ಅಳೆಯುವ ನನ್ನ ಕೈಮೀಟರಿನಲ್ಲಿ ಒಂದಿತ್ತು. ಇನ್ನೊಂದು ಪಕ್ಕದ ಮನೆ ಗುರುಲಿಂಗಮ್ಮನ ಗಂಡನ ಭಜನೆ ಮೈಕಿನಲ್ಲಿತ್ತು.

"ಟೀವಿಗ್ಯಾಕ್ರಿ ಬ್ಯಾಟ್ರಿ?" ಎಂದರು ಗುರುಲಿಂಗಮ್ಮ.

"ಹಾಲಿಗೆ ಒಂಚೂರು ಮೊಸರು ಬಿಟ್ಟು ಹೆಪ್ಪು ಹಾಕ್ತೀರಲ್ರಿ ಅಕ್ಕಾರ, ಹಂಗ. ಇದು ಟೀವಿಗೆ ಹೆಪ್ಪು. ಒಮ್ಮೆ ಚಾಲೂ ಆತಂದ್ರ ಮುಗೀತು, ಆಮ್ಯಾಲ ತನ್ನದು ತಾ ನೋಡ್ಕೊಂತೈತಿ."

"ಹೌದ? ಹೆಪ್ಪಂದ ಮ್ಯಾಲ ಇಲ್ಲ ಅನ್ನಾಕ ಬರಂಗಿಲ್ಲ, ಒಯ್ರಿ."

ಬ್ಯಾಟರಿ ತಾಗಿಸಿದೆ, ಟೀವಿ ಎದ್ದಿತು. ಬ್ಯಾಟರಿ ಕಿತ್ತೆ, ಟೀವಿ ಹಾಡುತ್ತಲೇ ಇತ್ತು! ನನ್ನ ಕಣ್ಣಲ್ಲಿ ನೀರು ಬಂತು. ಗುರುಲಿಂಗಮ್ಮನ ಬ್ಯಾಟರಿಯನ್ನು ಕೂಡಲೇ ಠೀವಿಯಿಂದ ಹಿಂತಿರುಗಿಸಿ, ಅತ್ತೆ ಊರಿಗೆ ಹೊರಡುವ ತನಕ ಟೀವಿಯನ್ನು ಯಾರೂ ಆರಿಸಕೂಡದೆಂದು ಮನೆಯಲ್ಲಿ ಶಾಸನ ಹೊರಡಿಸಿದೆ.

ಸಂಜೆ ಬಂದ ಅತ್ತೆ ಹಾಡುತ್ತಿದ್ದ ಟೀವಿಯನ್ನು ಕಂಡು ಅರಳಿದರು. "ಭಾಳ ಛಲೋ ಇಟ್ಟೀರಿ ನೋಡ್ರಿ, ಅಳಿಯಂದ್ರ." ನಾನು ವಿನಯದಿಂದ ತಲೆ ತಗ್ಗಿಸಿದೆ. ತಲೆ ಎತ್ತುವಷ್ಟರಲ್ಲಿ ಅವರು, "ದೀಪಾ ಹಚ್ಚೂ ಹೊತ್ತಾತು, ಈ ಗದ್ದಲ ಯಾಕ" ಎನ್ನುತ್ತ ಟಪ್ಪನೆ ಆರಿಸಿಬಿಟ್ಟಿದ್ದರು.

ದೀಪ ಹಚ್ಚಿಯಾಯಿತು. "ಈಗ ಹಚ್ರಿ, ನನ್ನ ಧಾರಾವಾಹಿ ಬರ್ತೈತಿ" ಎಂದು ಅತ್ತೆ ಚಕ್ಕಳಮಕ್ಕಳ ಹಾಕಿ ಕೂತರು. ನಾನು ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಹಾರಿದೆ.

"ಶಿವಶಿವಾ!" ಗುರುಲಿಂಗಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ದೀಪಾ ಹಚ್ಚಿದ ಮ್ಯಾಲ ಹೆಪ್ಪು ಕೊಡಂಗಿಲ್ರಿ."

"ಅಕ್ಕಾರ, ಅದು ಬ್ಯಾಟ್ರಿ!"

"ಮುಂಜಾನೆ ನೀವ ಹೆಪ್ಪಂದ್ರಿ. ಈಗ ಬ್ಯಾಟ್ರಿ ಆತೇನು?"

ವಾದಿಸಿ ಸೋತು ಬರಿಗೈಯಲ್ಲಿ ಬಂದೆ. ಆದರೆ ನೆರೆಮನೆಯವರಿಗೆ ಇಲ್ಲವೆಂದ ಸಂಕಟ ಗುರುಲಿಂಗಮ್ಮನಿಗೆ; ನನ್ನ ಹಿಂದೆಯೇ ನಮ್ಮ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದರು: "ಅನ್ನಪೂರ್ಣಾ, ಸಿಟ್ಟಾಗಬ್ಯಾಡವಾ! ಅಮಾಸಿ ಬ್ಯಾರೆ. ನಿಮ್ಮ ಟೀವಿಗೆ ನಾಳೆ ಮುಂಜಾನೆ ಹೆಪ್ಪು ಕೊಡ್ತೀನಿ!"

ಅತ್ತೆ ಕತ್ತಲಾದ ಟೀವಿಯನ್ನು ನೋಡಿದರು, ಆಮೇಲೆ ನನ್ನನ್ನು. "ಆಕಿ ಹೇಳಿದ್ದು ಖರೇ ಐತಿ, ಹೊತ್ತು ಮುಣುಗಿದ ಮ್ಯಾಲ ಹೆಪ್ಪು ಕೊಡಬಾರದು" ಎಂದು ಮೊದಲು ತೀರ್ಪಿತ್ತರು. ಬಳಿಕ ಮೆತ್ತಗೆ ಕೇಳಿದರು: "ಆದ್ರ ಅಳಿಯಂದ್ರ, ನಾ ಕೊಟ್ಟಾಗ ಈ ಟೀವಿ ಹೆಪ್ಪು ಬೇಡ್ತಿದ್ದಿಲ್ಲಲ್ರಿ?"

ನಾನು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಅದನ್ನು ಹೊರಡಿಸಲು ನನಗೂ ಯಾರಾದರೂ ಒಂಚೂರು ಹೆಪ್ಪು ಹಾಕಬೇಕಿತ್ತು. ಆದರೆ ದೀಪ ಹಚ್ಚಿಯಾಗಿತ್ತಲ್ಲ.